ಹಗಲು ಲಂಡನ್, ರಾತ್ರಿ ನಾಟಕ: ಬಡ ವಿದ್ಯಾರ್ಥಿಯ ಒಂದು ವಾರ

ಇಂಗ್ಲೆಂಡಿನ ಬೇರೆ ಊರುಗಳಲ್ಲಿ ಓದುವ ನಮ್ಮಂಥವರಿಗೆ ಲಂಡನ್ ಅಂದರೆ ವಿಮಾನ ಇಳಿದ ಊರು, ಅಷ್ಟೇ. ಹೀಥ್ರೂನಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ಕೋಚ್ ಹತ್ತಿದರೆ ಮುಗಿಯಿತು. ನಾನು ಓದುವುದು ಲೀಡ್ಸ್‌ನಲ್ಲಿ. ಪರೀಕ್ಷೆ ಮುಗಿದು ಪ್ರಬಂಧದ ಕೆಲಸ ಶುರುವಾಗುವ ಮುಂಚೆ, ಜೂನ್ ಮೊದಲಲ್ಲಿ ಒಂದು ವಾರ ಬಿಡುವು ಸಿಕ್ಕಿತು. ನಾಟಕದ ಹುಚ್ಚು ಮೊದಲಿಂದಲೂ ಇದೆ. ಹಾಗಾಗಿ ಹಗಲು ಊರು ನೋಡುವುದು, ಸಂಜೆ ನಾಟಕ ಅಂತ ತೀರ್ಮಾನ ಮಾಡಿ ಹೊರಟೆ. ಮೊನ್ನೆ ತಾನೇ ವಾಪಸ್ ಬಂದಿದ್ದೇನೆ, ಕಾಲಿನ ನೋವು ಇನ್ನೂ ಪೂರ್ತಿ ಹೋಗಿಲ್ಲ. ಮರೆಯುವ ಮುಂಚೆ ಬರೆದಿಡುತ್ತೇನೆ, ಮುಂದೆ ಹೋಗುವವರಿಗೆ ಗೊಂದಲ ಕಮ್ಮಿಯಾಗಲಿ.

ಎಲ್ಲರೂ ಮೊದಲು ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ, ನಾಟಕ ಉಳಿದ ಹೊತ್ತಿಗೆ. ಇದನ್ನು ತಿರುಗಿಸಿ. ಮ್ಯೂಸಿಯಂ ಎಲ್ಲಿಗೂ ಓಡಿಹೋಗುವುದಿಲ್ಲ, ಬಹುತೇಕ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶವೂ ಉಚಿತ. ಅಗ್ಗದ ನಾಟಕದ ಟಿಕೆಟ್ ಹಾಗಲ್ಲ. ಅದು ಸಿಗುವುದು ಇಂಥ ದಿನ, ಇಂಥ ಗಂಟೆಗೆ ಮಾತ್ರ. ವೆಸ್ಟ್ ಎಂಡ್‌ನ, ಅಂದರೆ ಲಂಡನ್ನಿನ ದೊಡ್ಡ ಥಿಯೇಟರ್‌ಗಳಿರುವ ಕಡೆಯ, ಒಳ್ಳೆಯ ಸೀಟಿಗೆ ನೂರು ಪೌಂಡ್ ಮೇಲೆ ಇದೆ ಅಂತ ಹೆದರಿ ಆಸೆ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದೇ ಊರಿನಲ್ಲಿ ಹತ್ತು ಪೌಂಡಿಗೂ ನಾಟಕ ಇದೆ. ಗಡಿಯಾರ ನೋಡುತ್ತಾ ಕೂರಬೇಕು, ಅಷ್ಟೇ.

ಉದಾಹರಣೆಗೆ ನ್ಯಾಷನಲ್ ಥಿಯೇಟರ್. ಅಲ್ಲಿ ಫ್ರೈಡೇ ರಷ್ ಅಂತ ಒಂದು ಪದ್ಧತಿ ಇದೆ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಮುಂದಿನ ವಾರದ ಪ್ರದರ್ಶನಗಳ ಒಂದಷ್ಟು ಟಿಕೆಟ್‌ಗಳನ್ನು 10 ಪೌಂಡಿಗೆ ಬಿಡುತ್ತಾರೆ. ಹೌಸ್‌ಫುಲ್ ಆದ ನಾಟಕಕ್ಕೂ ಕೆಲವು ಸಲ ಸಿಗುತ್ತವೆ. ಇದನ್ನು ಹೇಳಿಕೊಟ್ಟಿದ್ದು ಲಂಡನ್‌ನಲ್ಲೇ ಓದಿ ಮುಗಿಸಿದ ನಮ್ಮ ಸೀನಿಯರ್ ಅಕ್ಕ. "ಒಂದು ಗಂಟೆಗೆ ಲಾಗಿನ್ ಆಗೋದಲ್ಲ ಕಣೇ, ಅಷ್ಟೊತ್ತಿಗೆ ಲಾಗಿನ್ ಆಗಿ ಕೂತಿರಬೇಕು. ಕಾರ್ಡ್ ಪಕ್ಕದಲ್ಲಿ ಇಟ್ಕೋ, ಬ್ಯಾಂಕ್ ಆಪ್ ಓಪನ್ ಇರಲಿ" ಅಂದಿದ್ದಳು.

ಹೊರಡುವ ಹಿಂದಿನ ಶುಕ್ರವಾರ ಲೈಬ್ರರಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಒಂದು ಗಂಟೆ ಆಗುತ್ತಿದ್ದಂತೆ ಪರದೆಯ ಮೇಲೆ ಸರದಿ ಸಂಖ್ಯೆ ಬಂತು. ನನ್ನ ಮುಂದೆ ಸಾವಿರಕ್ಕೂ ಜಾಸ್ತಿ ಜನ! ಒಂದು ಹಸಿರು ಪಟ್ಟಿ, ಅದರ ಮೇಲೆ ನಡೆಯುವ ಪುಟ್ಟ ಮನುಷ್ಯ. ಅವನು ಒಂದಿಷ್ಟು ನಡೆಯುತ್ತಾನೆ, ನಿಲ್ಲುತ್ತಾನೆ. ಪೇಜ್ ರಿಫ್ರೆಶ್ ಮಾಡೋಣ ಅಂತ ಕೈ ತುರಿಸುತ್ತದೆ. ಮಾಡಬೇಡಿ, ಇದ್ದ ಸರದಿಯೂ ಹೋದೀತು. ಅರ್ಧ ಗಂಟೆಗೂ ಮೇಲೆ ಕಾದು ಒಳಗೆ ಹೋದಾಗ ನಾನು ಅಂದುಕೊಂಡಿದ್ದ ದಿನದ ಟಿಕೆಟ್ ಎಲ್ಲ ಖಾಲಿ. ಬುಧವಾರ ರಾತ್ರಿಯದು ಒಂದು ಇತ್ತು, ಪಕ್ಕದ ಸಾಲಿನ ತುದಿ ಸೀಟು. ಯೋಚನೆ ಮಾಡದೆ ಒತ್ತಿದೆ. ಒಬ್ಬರೇ ಹೋದರೆ ಇದೊಂದು ಲಾಭ. ಜೋಡಿ ಸೀಟು ಹುಡುಕುವವರಿಗೆ ಸಿಗದ ಒಂಟಿ ಸೀಟು ನಮಗೆ ಸಿಗುತ್ತದೆ.

ಕೋಚ್, ಹಾಸ್ಟೆಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲೀಡ್ಸ್‌ನಿಂದ ಲಂಡನ್ನಿನ ವಿಕ್ಟೋರಿಯಾ ಕೋಚ್ ಸ್ಟೇಷನ್‌ಗೆ ಐದು ಗಂಟೆ ಹತ್ತಿರ ಆಗುತ್ತದೆ. ರೈಲಿನಲ್ಲಿ ಅದರ ಅರ್ಧ ಹೊತ್ತು ಸಾಕು, ಆದರೆ ಮುಂಚೆಯೇ ಕೊಳ್ಳದಿದ್ದರೆ ದುಡ್ಡು ನೋಡಿ ತಲೆ ತಿರುಗುತ್ತದೆ. ನಾನು ಕೋಚ್‌ನಲ್ಲೇ ಹೋದೆ. ಅದು ಹೆದ್ದಾರಿಯಲ್ಲಿ ಸಿಕ್ಕಿಕೊಂಡು ಒಂದೂವರೆ ಗಂಟೆ ತಡವಾಯಿತು. ಬಂದ ದಿನ ಸಂಜೆಗೆ ದಯವಿಟ್ಟು ನಾಟಕ ಇಟ್ಟುಕೊಳ್ಳಬೇಡಿ. ಹಾಸ್ಟೆಲ್‌ನಲ್ಲಿ ಒಂದು ಕೋಣೆಗೆ ಹನ್ನೆರಡು ಮಂಚ. ಟವೆಲ್ ಇಲ್ಲ, ಲಾಕರ್ ಇದೆ ಆದರೆ ಬೀಗ ನಮ್ಮದೇ ಬೇಕು. ಎರಡನೇ ರಾತ್ರಿ ಎರಡು ಗಂಟೆಗೆ ಫೈರ್ ಅಲಾರಂ ಹೊಡೆದುಕೊಂಡಿತು. ಯಾರೋ ಬ್ರೆಡ್ ಸುಟ್ಟಿದ್ದರಂತೆ. ಎಲ್ಲರೂ ನಿದ್ದೆಗಣ್ಣಲ್ಲಿ ಬೀದಿಗೆ ಬಂದು ನಿಂತೆವು. ಜೂನ್ ಆದರೂ ಚಳಿ.

ದಾಖಲೆ ವಿಷಯ ಮಾತ್ರ ನಿಧಾನವಾಗಿ ಓದಿ. ಪಾಸ್‌ಪೋರ್ಟ್ ಜೊತೆಗಿರಲಿ. ಮೊದಲಾದರೆ ನಮ್ಮ ಹತ್ತಿರ ಬಿಆರ್‌ಪಿ ಅನ್ನುವ ವಾಸದ ಪರವಾನಗಿ ಕಾರ್ಡ್ ಇರುತ್ತಿತ್ತು, ಈಗ ಎಲ್ಲ ಇ-ವೀಸಾ ಆದ ಮೇಲೆ ಕೈಯಲ್ಲಿ ತೋರಿಸಲು ಏನೂ ಇಲ್ಲ. ಹಾಸ್ಟೆಲ್‌ನವರು ವಿದೇಶೀಯರ ಪಾಸ್‌ಪೋರ್ಟ್ ಕೇಳುತ್ತಾರೆ. ಅದಕ್ಕಿಂತ ಮುಖ್ಯ, ಅನೇಕ ಥಿಯೇಟರ್‌ಗಳಲ್ಲಿ 16ರಿಂದ 25 ವಯಸ್ಸಿನವರಿಗೆ ಅಂತ ರಿಯಾಯಿತಿ ಟಿಕೆಟ್ ಇರುತ್ತದೆ. ಕೊಳ್ಳುವಾಗ ಏನೂ ಕೇಳುವುದಿಲ್ಲ. ಬಾಕ್ಸ್ ಆಫೀಸ್‌ನಲ್ಲಿ ತೆಗೆದುಕೊಳ್ಳುವಾಗ ಹುಟ್ಟಿದ ದಿನಾಂಕ ಇರುವ ಗುರುತಿನ ಚೀಟಿ ತೋರಿಸು ಅನ್ನುತ್ತಾರೆ. ಯೂನಿವರ್ಸಿಟಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಹುಟ್ಟಿದ ದಿನಾಂಕ ಇರುವುದಿಲ್ಲ. ಒಂದು ಥಿಯೇಟರ್‌ನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗನ ಹತ್ತಿರ ಯೂನಿವರ್ಸಿಟಿ ಕಾರ್ಡ್ ಮಾತ್ರ ಇತ್ತು. ನಾಟಕಕ್ಕೆ ಇಪ್ಪತ್ತು ನಿಮಿಷ ಇದೆ. ಮೊಬೈಲ್‌ನಲ್ಲಿ ಪಾಸ್‌ಪೋರ್ಟಿನ ಫೋಟೋ ತೋರಿಸಿದ, ಒಪ್ಪಲಿಲ್ಲ. ಕೊನೆಗೆ ಪಾಪ ವ್ಯತ್ಯಾಸದ ಹಣ ಕಟ್ಟಿ ಒಳಗೆ ಬಂದ.

ಊರೊಳಗೆ ಓಡಾಡಲು ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಿಮ್ಮ ಹತ್ತಿರ 16-25 ರೈಲ್‌ಕಾರ್ಡ್ (ರೈಲಿನ ರಿಯಾಯಿತಿ ಕಾರ್ಡ್) ಇದ್ದರೆ, ಲಂಡನ್ ಸಾರಿಗೆಯ ಆಯ್ಸ್ಟರ್ ಕಾರ್ಡ್ ಕೊಂಡು, ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್ನಿನ ಸಿಬ್ಬಂದಿಗೆ ಹೇಳಿ ಎರಡನ್ನೂ ಜೋಡಿಸಿಕೊಳ್ಳಿ. ಆಫ್-ಪೀಕ್, ಅಂದರೆ ಜನಸಂದಣಿ ಕಮ್ಮಿ ಇರುವ ಹೊತ್ತಿನ ಟ್ಯೂಬ್ ದರದಲ್ಲಿ ಮೂರನೇ ಒಂದು ಭಾಗ ಕಡಿತ. ಬ್ಯಾಂಕ್ ಕಾರ್ಡಿಗೆ ಈ ಕಡಿತ ಇಲ್ಲ. ಬಸ್ಸಿಗೆ ಒಂದೇ ದರ, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದು 2014ರಲ್ಲೇ ನಿಂತಿದೆ, ಚಿಲ್ಲರೆ ಹಿಡಿದು ನಿಲ್ಲಬೇಡಿ. ನಾನು ಆದಷ್ಟೂ ಬಸ್ಸಿನಲ್ಲೇ ಓಡಾಡಿದೆ. ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ಊರು ತಾನಾಗಿಯೇ ಎದುರಿಗೆ ಬರುತ್ತದೆ.

ಬಂದ ಮರುದಿನ ಮೊದಲಿಗೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಕನ್ನಡದವರು ಅಲ್ಲಿಗೆ ಹೋಗಿ ಟಿಪ್ಪುವಿನ ಹುಲಿ ನೋಡದೆ ಬಂದರೆ ಹೇಗೆ? ನಾನು ನೋಡಿದ್ದು ದಕ್ಷಿಣ ಏಷ್ಯಾ ವಿಭಾಗದಲ್ಲಿ. ಮರದ ಹುಲಿ ಒಬ್ಬ ಬಿಳಿಯ ಸೈನಿಕನ ಎದೆಯ ಮೇಲೆ ಕೂತು ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ವಾದ್ಯದ ಕೊಳವೆಗಳಿವೆ. ಹಿಡಿ ತಿರುಗಿಸಿದರೆ ಹುಲಿ ಗುರ್ ಅನ್ನಬೇಕು, ಅವನು ನರಳುತ್ತಾ ಕೈ ಎತ್ತಬೇಕು, ಹಾಗೆ ಮಾಡಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರು ಹೊತ್ತು ತಂದದ್ದು. ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು, ಬಣ್ಣವೂ ಜೋರು. ಆ ಸೈನಿಕನ ಮುಖದಲ್ಲಿ ಮಾತ್ರ ಹೆದರಿಕೆಗಿಂತ ಬೇಜಾರೇ ಜಾಸ್ತಿ ಕಂಡಿತು ನನಗೆ. ಶಾಲೆಯ ಮಕ್ಕಳ ದಂಡೊಂದು ಗಾಜಿನ ಸುತ್ತ ಕೂತು ಚಿತ್ರ ಬಿಡಿಸುತ್ತಿತ್ತು. ಶ್ರೀರಂಗಪಟ್ಟಣ ಎಲ್ಲಿದೆ ಅಂತ ಅವರಿಗೆ ಹೇಳಬೇಕು ಅನ್ನಿಸಿತು, ಸುಮ್ಮನಾದೆ.

ಆ ಸಂಜೆ ಸೇಂಟ್ ಮಾರ್ಟಿನ್ಸ್ ಥಿಯೇಟರ್‌ನಲ್ಲಿ ದಿ ಮೌಸ್‌ಟ್ರ್ಯಾಪ್. 1952ರಿಂದ ನಡೆಯುತ್ತಿರುವ ಅಗಾಥಾ ಕ್ರಿಸ್ಟಿಯ ಕೊಲೆ ರಹಸ್ಯದ ನಾಟಕ, ಕೊರೊನಾ ಕಾಲದಲ್ಲಿ ಮಾತ್ರ ನಿಂತಿತ್ತು. ಒಳಗೆ ಹೋಗುತ್ತಲೇ ಮರದ ಹಲಗೆಯೊಂದರ ಮೇಲೆ ಇವತ್ತಿನದು ಎಷ್ಟನೇ ಪ್ರದರ್ಶನ ಅಂತ ಇರುತ್ತದೆ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ರಂಗದ ಮೇಲೆ ಬೆಂಕಿಗೂಡಿನ ಮೇಲಿರುವ ಗಡಿಯಾರ ಮೊದಲ ಪ್ರದರ್ಶನದಿಂದ ಉಳಿದಿರುವುದು. ಉಳಿದ ಸಾಮಾನೆಲ್ಲ ಬದಲಾಗಿದೆ. ಕೊನೆಯಲ್ಲಿ ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಕೇಳಿಕೊಳ್ಳುತ್ತಾರೆ, ಹಾಗಾಗಿ ನಾನೂ ಹೇಳುವುದಿಲ್ಲ. ನಾಟಕ ಹೇಗಿತ್ತು ಅಂದರೆ, ಹಳೆಯ ಮಾದರಿ. ನಡುನಡುವೆ ನಿಧಾನ ಅನ್ನಿಸಿತು. ಆದರೆ ಒಮ್ಮೆ ನೋಡಬೇಕಾದ್ದೇ.

ಅಗ್ಗದ ಸೀಟು ಎಲ್ಲಿರುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ವೆಸ್ಟ್ ಎಂಡ್‌ನ ಹಳೆಯ ಥಿಯೇಟರ್‌ಗಳಲ್ಲಿ ಸ್ಟಾಲ್ಸ್ ಅಂದರೆ ನೆಲದ ಮಟ್ಟ. ಮೇಲೆ ಡ್ರೆಸ್ ಸರ್ಕಲ್, ಅದರ ಮೇಲೆ ಅಪ್ಪರ್ ಸರ್ಕಲ್, ಕೆಲವು ಕಡೆ ಇನ್ನೂ ಮೇಲೆ ಬಾಲ್ಕನಿ. ನಮ್ಮ ಜಾಗ ಅಲ್ಲಿ. ಕೆಲವು ಕಟ್ಟಡಗಳಲ್ಲಿ ಮೇಲಿನವರಿಗೆ ಬಾಗಿಲೇ ಬೇರೆ, ಪಕ್ಕದ ಸಣ್ಣ ಬೀದಿಯಲ್ಲಿ. ಬಡವರು ಸಾಹುಕಾರರ ಜೊತೆ ಒಂದೇ ಮೆಟ್ಟಿಲು ಹತ್ತಬಾರದು ಅಂತ ಆಗಿನ ಕಾಲದಲ್ಲಿ ಮಾಡಿದ್ದು. ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬರುತ್ತದೆ. ಕೂತ ಮೇಲೆ ಮುಂದಿನ ಸಾಲಿನವರ ತಲೆ ನಿಮ್ಮ ಮೊಣಕಾಲಿನ ಮಟ್ಟದಲ್ಲಿ. ಎತ್ತರ ಕಂಡರೆ ತಲೆ ಸುತ್ತುವವರು ಮುಂದಿನ ಸಾಲು ಬಿಟ್ಟು ಕೊಳ್ಳಿ. ಟಿಕೆಟ್ ಮೇಲೆ ರಿಸ್ಟ್ರಿಕ್ಟೆಡ್ ವ್ಯೂ ಅಂತಿದ್ದರೆ ಕಂಬವೋ ಕಂಬಿಯೋ ಅಡ್ಡ ಬರುತ್ತದೆ ಅಂತ. ವಾರದ ಕೊನೆಯಲ್ಲಿ ನೋಡಿದ ಒಂದು ಮ್ಯೂಸಿಕಲ್‌ನಲ್ಲಿ ನನ್ನ ಎದುರಿಗೇ ಕಬ್ಬಿಣದ ಕಂಬ ಇತ್ತು. ರಂಗದ ಎಡಗಡೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಡುಗಳು ಮಾತ್ರ ಪೂರ್ತಿ ಕೇಳಿಸಿದವು.

ಆ ಟಿಕೆಟ್ ಕೊಂಡದ್ದು ಲೆಸ್ಟರ್ ಸ್ಕ್ವೇರ್‌ನ ಟಿಕೆಟಿಎಸ್ ಅನ್ನುವ ರಿಯಾಯಿತಿ ಟಿಕೆಟ್ ಬೂತ್‌ನಲ್ಲಿ, ಅದೇ ದಿನದ್ದು. ಅಂದಹಾಗೆ ಆ ಸುತ್ತಮುತ್ತ ಅರ್ಧ ಬೆಲೆ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಗಳು ಬೇಕಾದಷ್ಟಿವೆ. ಉದ್ಯಾನದ ಪಕ್ಕ ಗಡಿಯಾರದ ಗೋಪುರ ಇರುವ ಒಂಟಿ ಕಟ್ಟಡ ಇದೆಯಲ್ಲ, ಅದು ಥಿಯೇಟರ್‌ನವರ ಸಂಘವೇ ನಡೆಸುವ ಬೂತ್. ಸಾಲು ಬೆಳಿಗ್ಗೆಯೇ ಶುರುವಾಗುತ್ತದೆ. ಮೊದಲು ಥಿಯೇಟರ್‌ನ ಸ್ವಂತ ಪುಟದಲ್ಲಿ ಬೆಲೆ ನೋಡಿಕೊಂಡು ಹೋಗಿ, ಕೆಲವು ಸಲ ಅಲ್ಲೇ ಕಮ್ಮಿ ಇರುತ್ತದೆ.

ಈಗ ಗ್ಲೋಬ್. ಇದಕ್ಕಾಗಿಯೇ ನಾನು ಜೂನ್ ತನಕ ಕಾದದ್ದು. ಥೇಮ್ಸ್ ದಡದ ಈ ಬಯಲು ರಂಗಮಂದಿರ ಷೇಕ್ಸ್‌ಪಿಯರ್ ಕಾಲದ ಗ್ಲೋಬ್‌ನ ಮರುನಿರ್ಮಾಣ. ಮೊದಲನೆಯದು 1599ರಲ್ಲಿ ಕಟ್ಟಿದ್ದು. 1613ರಲ್ಲಿ ನಾಟಕದ ನಡುವೆ ಫಿರಂಗಿ ಹಾರಿಸಿದಾಗ ಹುಲ್ಲಿನ ಚಾವಣಿಗೆ ಬೆಂಕಿ ತಗುಲಿ ಸುಟ್ಟುಹೋಯಿತು. ಈಗಿನದು ಅಮೆರಿಕದ ನಟ ಸ್ಯಾಮ್ ವಾನಮೇಕರ್ ಹಟ ಹಿಡಿದು ಶುರು ಮಾಡಿದ ಕೆಲಸ. 1997ರಲ್ಲಿ ತೆರೆದಾಗ ನೋಡಲು ಅವರೇ ಇರಲಿಲ್ಲ. ಮೇಲೆ ನಿಜವಾದ ಹುಲ್ಲಿನ ಚಾವಣಿ. 1666ರ ಮಹಾ ಬೆಂಕಿಯ ನಂತರ ಲಂಡನ್‌ನಲ್ಲಿ ಇಂಥ ಚಾವಣಿಗೆ ಅನುಮತಿ ಕೊಟ್ಟದ್ದು ಇದೇ ಮೊದಲಂತೆ.

ಸುತ್ತ ಮೂರು ಅಂತಸ್ತಿನ ಮರದ ಗ್ಯಾಲರಿ, ನಡುವೆ ಅಂಗಳ. ಅಂಗಳಕ್ಕೆ ಚಾವಣಿ ಇಲ್ಲ, ಸೀಟೂ ಇಲ್ಲ. ಎಷ್ಟೋ ವರ್ಷ ಇಲ್ಲಿನ ಟಿಕೆಟ್ 5 ಪೌಂಡ್ ಇತ್ತು, ಈಗ ಪ್ರದರ್ಶನ ನೋಡಿ 5ರಿಂದ 10. ನಾನು ಮತ್ತು ಒಬ್ಬ ಕ್ಲಾಸ್‌ಮೇಟ್ ಗೆಳತಿ ಮುಕ್ಕಾಲು ಗಂಟೆ ಮುಂಚೆ ಹೋಗಿ ಸಾಲಿನಲ್ಲಿ ನಿಂತೆವು. ಬಾಗಿಲು ತೆರೆದ ಕೂಡಲೇ ಓಡಿದರೆ ನಾಚಿಕೆ ಅಂದುಕೊಂಡು ಜೋರಾಗಿ ನಡೆದೆವು. ಎಲ್ಲರೂ ಹಾಗೆಯೇ ನಡೆಯುತ್ತಿದ್ದರು. ರಂಗದ ಅಂಚು ಸಿಕ್ಕಿತು. ಅದು ಎದೆಯೆತ್ತರ ಬರುತ್ತದೆ, ಮೊಣಕೈ ಊರಿ ನಿಲ್ಲಬಹುದು. ಅದು ಸಿಗದಿದ್ದರೆ ಅಂಗಳದ ಹಿಂದಿನ ಗೋಡೆ ಹಿಡಿಯಿರಿ, ಬೆನ್ನು ಆನಿಸಲು ಆಗುತ್ತದೆ. ನಡುವೆ ನಿಂತರೆ ದೇವರೇ ಗತಿ.

ನಿಯಮ ಕಟ್ಟುನಿಟ್ಟು. ನಾಟಕ ನಡೆಯುವಾಗ ಅಂಗಳದಲ್ಲಿ ಕೂರುವ ಹಾಗಿಲ್ಲ. ಕೂತರೆ ಸ್ವಯಂಸೇವಕ ಅಜ್ಜಿಯೊಬ್ಬರು ಬಂದು ಭುಜ ತಟ್ಟಿ ಏಳಿಸುತ್ತಾರೆ. ಛತ್ರಿ ಬಿಡಿಸುವ ಹಾಗಿಲ್ಲ, ಹಿಂದಿನವರಿಗೆ ಅಡ್ಡ. ಟೋಪಿ ಇರುವ ರೇನ್‌ಕೋಟ್ ಇಟ್ಟುಕೊಂಡು ಹೋಗಿ. ನಮಗೆ ಮೊದಲ ಅಂಕದಲ್ಲೇ ಮಳೆ ಬಂತು. ಜಡಿಮಳೆ ಅಲ್ಲ, ಆದರೆ ಬಿಡಲೂ ಇಲ್ಲ. ನಟನೊಬ್ಬ ಪ್ರೇಮದ ಮಾತು ಆಡುತ್ತಾ ಒಮ್ಮೆ ಆಕಾಶ ನೋಡಿ, ನಮ್ಮ ಕಡೆ ನೋಡಿ, ಒಂದು ಕ್ಷಣ ಸುಮ್ಮನೆ ನಿಂತ. ಅಂಗಳ ಪೂರ್ತಿ ಗೊಳ್ಳೆಂದು ನಕ್ಕಿತು. ಹಗಲು ಬೆಳಕಿನಲ್ಲಿ ಅವರಿಗೆ ನಮ್ಮ ಮುಖ ಕಾಣುತ್ತದೆ, ನಮಗೆ ಅವರ ಬೆವರು ಕಾಣುತ್ತದೆ. ಕತ್ತಲಲ್ಲಿ ಕೂತು ನೋಡುವ ನಾಟಕಕ್ಕೂ ಇದಕ್ಕೂ ಅಜಗಜಾಂತರ. ಬಯಲಾಟದ ಚೌಕಿಯಿಂದ ಎದ್ದು ಬಂದ ವೇಷ ನಮ್ಮ ನಡುವೆಯೇ ದಾರಿ ಮಾಡಿಕೊಂಡು ರಂಗಕ್ಕೆ ಹೋಗುತ್ತದಲ್ಲ, ಅದೇ ತರಹ ಇಲ್ಲೂ ನಟರು ಜನರನ್ನು ಸರಿಸಿಕೊಂಡು ಬರುತ್ತಾರೆ. ಮೇಲೆ ಹೆಲಿಕಾಪ್ಟರ್ ಹೋದರೆ ಗಂಟಲು ಏರಿಸುತ್ತಾರೆ. ಹಳೆಯ ಇಂಗ್ಲಿಷ್ ಅರ್ಧ ಅರ್ಥವಾಗಲಿಲ್ಲ. ಹಿಂದಿನ ದಿನ ಕಥೆಯ ಸಾರಾಂಶ ಓದಿಕೊಂಡಿದ್ದರಿಂದ ಬಚಾವಾದೆ. ನೀವೂ ಓದಿಕೊಂಡು ಹೋಗಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ದುಡ್ಡು ಕೊಟ್ಟು ಮೂರು ಗಂಟೆ ಮಳೇಲಿ ನಿಂತಿದ್ಯಾ? ಕುರ್ಚಿ ಇರ್ಲಿಲ್ವೇನೇ ಅಲ್ಲಿ?" ಅಂದರು. ಇತ್ತು. ಅದರ ಬೆಲೆ ಹೇಳಲಿಲ್ಲ.

ನ್ಯಾಷನಲ್ ಥಿಯೇಟರ್‌ದು ಬೇರೆಯೇ ಅನುಭವ. ಹೊರಗಿನಿಂದ ನೋಡಿದರೆ ಕಾಂಕ್ರೀಟಿನ ಪೆಟ್ಟಿಗೆಗಳ ರಾಶಿ. 1976ರಲ್ಲಿ ತೆರೆದ ಈ ಕಟ್ಟಡವನ್ನು ಈಗಿನ ರಾಜ ಚಾರ್ಲ್ಸ್ ರಾಜಕುಮಾರನಾಗಿದ್ದಾಗ ಅಣುಸ್ಥಾವರಕ್ಕೆ ಹೋಲಿಸಿದ್ದ. ನನಗಂತೂ ಇಷ್ಟವಾಯಿತು. ಒಳಗಿನ ಮೊಗಸಾಲೆ ಎಲ್ಲರಿಗೂ ತೆರೆದಿರುತ್ತದೆ, ಟಿಕೆಟ್ ಬೇಕಿಲ್ಲ. ಸೋಫಾ ಇದೆ, ವೈಫೈ ಇದೆ, ಶೌಚಾಲಯ ಇದೆ. ಮಧ್ಯಾಹ್ನವೇ ಹೋಗಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ನನ್ನ ಹಾಗೆ ಬಹಳ ಜನ ಕೂತಿದ್ದರು. ಊರೆಲ್ಲ ಸುತ್ತಿ ಕಾಲು ಸೋತಾಗ ಇಂಥ ಜಾಗ ಗೊತ್ತಿದ್ದರೆ ಕಾಫಿ ದುಡ್ಡು ಉಳಿಯುತ್ತದೆ. ಹತ್ತು ಪೌಂಡಿನ ನನ್ನ ಸೀಟಿನಿಂದ ರಂಗ ಪೂರ್ತಿ ಕಂಡಿತು. ಕಂಬ ಇಲ್ಲ, ಕಂಬಿ ಇಲ್ಲ. ಪಕ್ಕದಲ್ಲಿದ್ದ ದಂಪತಿ ಎಷ್ಟು ಕೊಟ್ಟಿದ್ದರು ಅಂತ ಕೇಳುವ ಧೈರ್ಯ ಮಾಡಲಿಲ್ಲ.

ಹಗಲಿನ ಕಥೆಗೆ ಬರೋಣ. ಬಕಿಂಗ್‌ಹ್ಯಾಂ ಅರಮನೆಯ ಕಾವಲು ಬದಲಾವಣೆ ದಿನಾ ಇರುವುದಿಲ್ಲ, ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ. ನಾನು ನೋಡಿದ್ದು ಬಹುಪಾಲು ಮುಂದಿನವರು ಎತ್ತಿ ಹಿಡಿದ ಫೋನ್‌ಗಳನ್ನು. ಲಂಡನ್ ಟವರ್‌ಗೆ ಮೂವತ್ತು ಪೌಂಡಿಗೂ ಮೇಲೆ, ಬಿಟ್ಟೆ. ಅಲ್ಲಿ ಇಟ್ಟಿರುವ ಕೊಹಿನೂರ್ ನಮ್ಮದೇ ದೇಶದಿಂದ ಹೋದದ್ದು, ಅದನ್ನು ನೋಡಲು ನಾವೇ ದುಡ್ಡು ಕೊಡಬೇಕಾ ಅನ್ನುವ ಸಿಟ್ಟೂ ಸೇರಿತ್ತು ಅನ್ನಿ. ವೆಸ್ಟ್‌ಮಿನ್‌ಸ್ಟರ್ ಅಬೆಗೂ ಟಿಕೆಟ್ ದುಬಾರಿ, ಆದರೆ ಸಂಜೆಯ ಪ್ರಾರ್ಥನೆ ಈವನ್‌ಸಾಂಗ್‌ಗೆ ಯಾರು ಬೇಕಾದರೂ ಉಚಿತವಾಗಿ ಹೋಗಬಹುದು. ಸುತ್ತಾಡುವ ಹಾಗಿಲ್ಲ, ಫೋಟೋ ಇಲ್ಲ. ಆ ಕಲ್ಲಿನ ಕಮಾನುಗಳ ಕೆಳಗೆ ಮಕ್ಕಳು ಹಾಡುವುದನ್ನು ಕೇಳಲು ಅಷ್ಟು ಸಾಕು. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಐದು ಗಂಟೆಗೆ ಶುರುವಾಗಿ ಆರರ ಒಳಗೆ ಮುಗಿಯುತ್ತದೆ, ಏಳೂವರೆಯ ನಾಟಕಕ್ಕೆ ಆರಾಮಾಗಿ ತಲುಪಬಹುದು. ಗ್ರೀನಿಚ್‌ನಲ್ಲಿ ವೀಕ್ಷಣಾಲಯದ ಅಂಗಳದೊಳಗಿನ ಮೆರಿಡಿಯನ್ ಗೆರೆ (ಸೊನ್ನೆ ರೇಖಾಂಶದ ಗುರುತು) ನೋಡಲು ದುಡ್ಡು, ಅದೇ ಗೆರೆ ಹೊರಗಿನ ಕಾಲುದಾರಿಯ ಗೋಡೆಯ ಮೇಲೂ ಇದೆ. ಅಲ್ಲಿ ನಿಂತರೆ ಪುಕ್ಕಟೆ.

ಒಂದು ಬೆಳಿಗ್ಗೆ ಲ್ಯಾಂಬೆತ್ ಸೇತುವೆ ಹತ್ತಿರದ ಬಸವಣ್ಣನ ಪ್ರತಿಮೆ ನೋಡಲು ಹೋದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಹೊಳೆಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತದೆ. ಅನುಭವ ಮಂಟಪ ನಡೆಸಿದವನಿಗೆ ಸರಿಯಾದ ಜಾಗವನ್ನೇ ಹುಡುಕಿದ್ದಾರೆ. ನಾನು ಹೋದಾಗ ಅಲ್ಲಿದ್ದದ್ದು ನಾಯಿ ಓಡಾಡಿಸುವ ಇಬ್ಬರು ಮಾತ್ರ. ಒಬ್ಬರಿಗೆ ಫೋಟೋ ತೆಗೆಯಿರಿ ಅಂತ ಫೋನ್ ಕೊಟ್ಟೆ. ಯಾರಿವರು ಅಂತ ಕೇಳಿದರು. ಹನ್ನೆರಡನೇ ಶತಮಾನದವರು, ಜಾತಿ ಬೇಡ ಅಂದವರು, ಕವಿ, ಮಂತ್ರಿಯೂ ಆಗಿದ್ದರು ಅಂತ ಹೇಳುತ್ತಾ ಹೋದೆ. ದಿನಾ ಈ ದಾರಿಯಲ್ಲೇ ಹೋಗುತ್ತೇನೆ, ಇದು ಗೊತ್ತಿರಲಿಲ್ಲ ಅಂದರು. ಅಲ್ಲಿಂದ ಹೊಳೆಯ ದಡದಲ್ಲೇ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಡೆ ನಡೆದರೆ ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ. ಕೆಲವದರಲ್ಲಿ ಹೆಸರೂ ಇದೆ. ನಮ್ಮ ಕಡೆಯ ಹೆಸರುಗಳೂ ಕಂಡವು. ಆ ದಾರಿ ಮುಗಿಸಲು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಕೊನೆಯ ದಿನದ ತಾಪತ್ರಯ ಲಗೇಜ್. ಬ್ರಿಟಿಷ್ ಮ್ಯೂಸಿಯಂಗೆ ಚಕ್ರದ ಸೂಟ್‌ಕೇಸ್ ಒಯ್ಯುವ ಹಾಗಿಲ್ಲ, ಥಿಯೇಟರ್‌ಗಳೂ ದೊಡ್ಡ ಬ್ಯಾಗ್ ಬಿಡುವುದಿಲ್ಲ. ಹಾಸ್ಟೆಲ್‌ನವರು ರೂಮ್ ಖಾಲಿ ಮಾಡಿದ ಮೇಲೂ ಬ್ಯಾಗ್ ಇಟ್ಟುಕೊಳ್ಳುತ್ತಾರಾ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ. ನಮ್ಮ ಹಾಸ್ಟೆಲ್‌ನಲ್ಲಿ ಇಟ್ಟುಕೊಂಡರು, ಆದರೆ ತೆಗೆದುಕೊಳ್ಳಲು ಸಾಲು ನಿಂತು ಕೋಚ್ ತಪ್ಪುವ ಹಾಗಾಯಿತು. ವಾರಾಂತ್ಯದಲ್ಲಿ ದುರಸ್ತಿ ಅಂತ ಟ್ಯೂಬ್ ಮಾರ್ಗಗಳನ್ನು ಮುಚ್ಚುವುದೂ ಉಂಟು. ಅವತ್ತು ನಮ್ಮ ಮಾರ್ಗವೇ ಬಂದ್. ಬಸ್ಸಿನಲ್ಲಿ ಏದುಸಿರು ಬಿಡುತ್ತಾ ವಿಕ್ಟೋರಿಯಾ ತಲುಪಿದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಹಾಸ್ಟೆಲ್ಲೇ ಅರ್ಧಕ್ಕಿಂತ ಜಾಸ್ತಿ ತಿಂದಿತು. ಊಟ ಬಹುತೇಕ ಸೂಪರ್ ಮಾರ್ಕೆಟ್‌ನ ಮೀಲ್ ಡೀಲ್ (ಊಟ, ತಿಂಡಿ, ಪಾನೀಯ ಸೇರಿಸಿ ಒಂದೇ ಬೆಲೆ), ಸಂಜೆ ಏಳರ ಮೇಲೆ ಬೆಲೆ ಇಳಿಸಿ ಹಳದಿ ಚೀಟಿ ಹಚ್ಚಿದ ತಿಂಡಿ. ಸಸ್ಯಾಹಾರಿಗಳಿಗೆ ಅಷ್ಟೇನೂ ಕಷ್ಟವಿಲ್ಲ, ಮೊಟ್ಟೆ ಇದೆಯಾ ಅಂತ ಮಾತ್ರ ಚೀಟಿ ಓದಿ. ನಾಟಕಗಳಿಗೆಲ್ಲ ಸೇರಿ ಹೋದದ್ದು ವೆಸ್ಟ್ ಎಂಡ್‌ನ ಒಂದು ಒಳ್ಳೆಯ ಸೀಟಿನ ಬೆಲೆಗಿಂತ ಕಮ್ಮಿ. ಮಧ್ಯಂತರದಲ್ಲಿ ಮಾರುವ ಪುಟ್ಟ ಐಸ್‌ಕ್ರೀಂ ಡಬ್ಬಿ ಕೊಳ್ಳಬೇಡಿ, ಹೊರಗಿನ ಬೆಲೆಗಿಂತ ತುಂಬಾ ದುಬಾರಿ. ನಾನು ಎರಡು ಸಲ ಕೊಂಡೆ, ಅದು ಬೇರೆ ಮಾತು.

ಜೂನ್‌ನಲ್ಲಿ ಹೋಗಲು ಆಗದವರಿಗೆ ಒಂದು ಮಾತು. ಗ್ಲೋಬ್‌ನ ಬಯಲು ನಾಟಕಗಳು ಅಕ್ಟೋಬರ್ ಹೊತ್ತಿಗೆ ಮುಗಿಯುತ್ತವೆ. ಚಳಿಗಾಲದಲ್ಲಿ ಅದೇ ಆವರಣದ ಸ್ಯಾಮ್ ವಾನಮೇಕರ್ ಪ್ಲೇಹೌಸ್‌ನಲ್ಲಿ ಮೇಣದ ಬತ್ತಿ ಬೆಳಕಿನಲ್ಲಿ ನಾಟಕ ಆಡುತ್ತಾರೆ. ಅಲ್ಲಿಯೂ ಮೇಲಿನ ಗ್ಯಾಲರಿಯಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ಇದೆ. ಜಾಗ ಚಿಕ್ಕದು, ಬೇಗ ಖಾಲಿಯಾಗುತ್ತದೆ. ಡಿಸೆಂಬರ್ ರಜೆಗೆ ಹೋಗುವ ಯೋಚನೆ ಇದ್ದರೆ ಬುಕಿಂಗ್ ಯಾವಾಗ ತೆರೆಯುತ್ತದೆ ಅಂತ ಈಗಲೇ ನೋಡಿಕೊಳ್ಳಿ.